ಬಲಗೈಗೆ ಹಾಕಿದ ಎಡಗೈ ಗವಸು

ಹೊಸಕೋಟೆ ತಾಲ್ಲೂಕಿನ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯಲು ಕೂತರೆ, ಅನುಗೊಂಡನಹಳ್ಳಿ ಹೋಬಳಿಯ ಬೈರಣ್ಣನ ಹೂಕೋಸಿನ ತೋಟದಲ್ಲಿ ಒಂದು ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಯಿಂದ ಹತ್ತೂಕಾಲಿನವರೆಗೆ ನಡೆದ ಚರ್ಚೆಗೆ ಅವರು ಒಂದು ಅಧ್ಯಾಯವನ್ನಾದರೂ ಮೀಸಲಿಡಬೇಕು. ಚರ್ಚೆಯ ವಿಷಯ, ಕೈಗವಸನ್ನು ಎಡಗೈಗೆ ಹಾಕಿಕೊಳ್ಳುವುದೋ ಬಲಗೈಗೋ ಎಂಬುದು. ಹೊಸ ಹೆದ್ದಾರಿಗೆ ಯಾರ ಜಮೀನು ಎಷ್ಟು ಗುಂಟೆ ಹೋಗುತ್ತದೆ ಎಂಬ ಮಾತು ಬಂದಾಗಲೂ ಆ ಜನ ಇಷ್ಟು ಕಾವೇರಿದ್ದನ್ನು ಯಾರೂ ಕಂಡಿರಲಿಲ್ಲ. ಹೆದ್ದಾರಿಯಾದರೆ ಸರ್ಕಾರದ್ದು, ಯಾರು ಕೂಗಿದರೂ ಬರುತ್ತದೆ. ಕೈ ಹಾಗಲ್ಲ, ಅದು ಮನೆತನದ ವಿಷಯ.

ಗವಸು ನೋಡಲು ಏನೇನೂ ಘನವಾಗಿರಲಿಲ್ಲ. ಕರಿಬಟ್ಟೆಯದು. ಬೆರಳುಗಳ ಉದ್ದಕ್ಕೂ ಕೂದಲೆಳೆಯಂಥ ತಂತಿ, ಅಂಗೈಯ ಬೆನ್ನಿನ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿ, ಮಣಿಕಟ್ಟಿಗೆ ಬಿಗಿಯಲು ಒಂದು ವೆಲ್ಕ್ರೋ ಪಟ್ಟಿ. ಅದನ್ನು ಹಾಕಿಕೊಂಡವರ ಕೈ ಹೇಗೆ ಆಡಿದರೆ ಹಾಗೆ ಔಷಧಿ ಸಿಂಪಡಿಸುವ ಡ್ರೋನು ಆಕಾಶದಲ್ಲಿ ಆಡುತ್ತದೆ. ಗುಂಡಿಯಿಲ್ಲ, ಕಡ್ಡಿಯಿಲ್ಲ. ಕೈಯನ್ನು ಅಂಗೈ ಕೆಳಗಾಗುವಂತೆ ಚಾಚಿ ಮಟ್ಟವಾಗಿ ಹಿಡಿದರೆ ಅದು ಇದ್ದಲ್ಲೇ ನಿಲ್ಲುತ್ತದೆ. ಬೆರಳನ್ನು ಮೇಲೆತ್ತಿ ‘ಹೋಗು’ ಎಂದು ದೂಡಿದಂತೆ ಮಾಡಿದರೆ ದೂರ ಹೋಗುತ್ತದೆ. ಬೆರಳನ್ನು ಕೆಳಗೆ ಬಗ್ಗಿಸಿ ‘ಬಾ’ ಎಂದು ಕರೆದಂತೆ ಮಾಡಿದರೆ ಹತ್ತಿರ ಬರುತ್ತದೆ. ಕೈಯನ್ನು ಎಡಕ್ಕೋ ಬಲಕ್ಕೋ ವಾಲಿಸಿದರೆ ಆ ಕಡೆಗೆ ಸರಿಯುತ್ತದೆ. ಐದೂ ಬೆರಳನ್ನು ಮುಷ್ಟಿ ಹಿಡಿದರೆ, ಕೈ ಆಮೇಲೆ ಏನೇ ಮಾಡಲಿ, ಅಲ್ಲಾಡದೆ ನಿಲ್ಲುತ್ತದೆ. ಹೆಬ್ಬೆರಳು ಮೇಲೆತ್ತಿದರೆ ನೆಲ ಬಿಟ್ಟು ಏಳುತ್ತದೆ, ಆಮೇಲೆ ಎತ್ತರವನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಗಿಡದ ಮೇಲೆ ಒಂದೂವರೆ ಆಳು. ಗವಸನ್ನು ಕಳಚಿದರೆ, ಅಥವಾ ಬ್ಯಾಟರಿ ಮುಗಿಯುತ್ತ ಬಂದರೆ, ಅದು ಎಲ್ಲಿದೆಯೋ ಅಲ್ಲೇ ನೆಟ್ಟಗೆ ಕೆಳಗಿಳಿಯುತ್ತದೆ. ಕೆಳಗೆ ಏನಿದೆ ಎಂದು ಕೇಳುವುದಿಲ್ಲ.

ಇಷ್ಟನ್ನೂ ಕಂಡುಹಿಡಿದವನು ಬೆಂಗಳೂರಿನ ಒಂದು ಪುಟ್ಟ ಕಂಪನಿಯ ಎಂಜಿನಿಯರು, ರವಿಶಂಕರ್. ಇಪ್ಪತ್ತಾರು ವಯಸ್ಸು, ಮಂಡಿಯ ಹತ್ತಿರ ಹರಿದ ಪ್ಯಾಂಟು. ದೇವನಹಳ್ಳಿ ಕಡೆ ವಿಮಾನ ನಿಲ್ದಾಣದ ಹತ್ತಿರ ಇಂಥದ್ದನ್ನೆಲ್ಲ ಹಾರಿಸಲು ಬಿಡುವುದಿಲ್ಲವಾದ್ದರಿಂದ ಪರೀಕ್ಷೆಗೆಂದು ಈ ಕಡೆ ಬಂದಿದ್ದ. ಅವನು ಹುಟ್ಟಾ ಎಡಚ. ಮೊದಲ ಗವಸನ್ನು ತನ್ನ ಕೈಯ ಅಳತೆಗೇ ಹೊಲಿಸಿದ್ದ. ಇಡೀ ಪ್ರಪಂಚದಲ್ಲಿ ಸದ್ಯಕ್ಕೆ ಇದ್ದದ್ದು ಅದೊಂದೇ, ಅದು ಎಡಗೈಯದು.

ಗವಸು ಹಾಕಿಕೊಳ್ಳಬೇಕಾಗಿದ್ದವಳು ಶಿಲ್ಪ. ಸ್ತ್ರೀಶಕ್ತಿ ಸಂಘದಿಂದ ಡ್ರೋನು ತರಬೇತಿಗೆ ಯಾರನ್ನಾದರೂ ಕಳಿಸಬೇಕೆಂದು ಪತ್ರ ಬಂದಾಗ ಸಂಘದ ಅಧ್ಯಕ್ಷೆ ಆಶಾರಾಣಿ ಎಲ್ಲರ ಮುಖವನ್ನೂ ನೋಡಿದ್ದಳು. ಎಲ್ಲರೂ ನೆಲ ನೋಡಿದ್ದರು. ಶಿಲ್ಪ ನೆಲ ನೋಡುವುದು ಅರೆಗಳಿಗೆ ತಡವಾಯಿತು, ಪಿಯುಸಿ ಪಾಸಾಗಿದ್ದಳು ಬೇರೆ. ಹದಿನೈದು ದಿನದ ತರಬೇತಿ ಮುಗಿಸಿ ಲೈಸೆನ್ಸು ತಂದಳು. ಅವಳ ಗಂಡ ನಂದೀಶ ಏರ್‌ಪೋರ್ಟಿನಲ್ಲಿ ಕ್ಯಾಬ್ ಓಡಿಸುವವನು. ಅವನು ಆ ಲೈಸೆನ್ಸಿನ ಫೋಟೋ ಹೊಡೆದು ಎಲ್ಲ ಗ್ರೂಪಿಗೂ ಕಳಿಸಿದ. ಇದೆಲ್ಲ ಸಂತೋಷದ ವಿಷಯ. ಯಾರಿಗೂ ಹೇಳದ ವಿಷಯವೆಂದರೆ ಶಿಲ್ಪಳಿಗೆ ಆ ಯಂತ್ರವೆಂದರೆ ಜೀವ ಹೋಗುವಷ್ಟು ಭಯ.

ಭಯ ಯಂತ್ರದ ಮೇಲಿನದು ಮಾತ್ರವೂ ಅಲ್ಲ. ಯಾರಾದರೂ ನೋಡುತ್ತಿದ್ದಾರೆ ಎಂದರೆ ಅವಳ ಕೈ ನಡುಗುತ್ತಿತ್ತು. ಸ್ಕೂಲಿನಲ್ಲಿ ಬೋರ್ಡಿನ ಮೇಲೆ ಬರೆಯುವಾಗ ನಡುಗಿದ್ದು, ಹಸೆಮಣೆಯ ಮೇಲೆ ನಡುಗಿದ್ದು, ಅಲ್ಲಿಂದ ಅದು ಹೋಗಿರಲಿಲ್ಲ. ಮದುವೆಯಾಗಿ ಬಂದ ಮೂರನೆಯ ದಿನ ನೆಂಟರಿಗೆ ಕಾಫಿ ಕೊಡುವಾಗ ತಟ್ಟೆಯಲ್ಲಿ ಲೋಟಗಳು ಗಲಗಲ ಅಂದಿದ್ದವು. ಮಾರನೆಯ ದಿನದಿಂದ ಬಂದವರಿಗೆ ಕಾಫಿ ಕೊಡುವ ಕೆಲಸವನ್ನು ಅತ್ತೆ ಅಕ್ಕಯಮ್ಮ ತಾನೇ ಮಾಡತೊಡಗಿದಳು. ಯಾಕೆ ಎಂದು ಏಳು ವರ್ಷದಲ್ಲಿ ಸೊಸೆ ಕೇಳಲಿಲ್ಲ, ಅತ್ತೆ ಹೇಳಲಿಲ್ಲ. ಉಳಿದ ಎಲ್ಲ ವಿಷಯದಲ್ಲೂ ಅಕ್ಕಯಮ್ಮ ದಿನಕ್ಕೆ ನಲವತ್ತು ಮಾತು ಅನ್ನುತ್ತಿದ್ದಳು. ಈ ಒಂದು ವಿಷಯದಲ್ಲಿ ಒಂದೂ ಇಲ್ಲ.

ನಡುಗುವ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳಬಹುದು. ಈಗ ಇವರು ಅದನ್ನು ಹತ್ತು ಅಡಿ ಎತ್ತರದಲ್ಲಿ, ಆರು ರೆಕ್ಕೆ ಕಟ್ಟಿ, ಊರಿಗೆಲ್ಲ ತೋರಿಸಲು ಹೊರಟಿದ್ದರು.

ಬೈರಣ್ಣನ ತೋಟದಲ್ಲಿ ಪೂಜೆಗೆ ಎಲ್ಲವೂ ಅಣಿಯಾಗಿತ್ತು. ಡ್ರೋನಿಗೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ಹಾರ ರೆಕ್ಕೆಗೆ ಸಿಕ್ಕಿಕೊಳ್ಳುತ್ತದೆ ಎಂದು ರವಿಶಂಕರ್ ಅದನ್ನು ತೆಗೆದು, ಬೈರಣ್ಣ ಮುಖ ಸಣ್ಣಗೆ ಮಾಡಿಕೊಂಡು, ಕೊನೆಗೆ ಒಂದೇ ಒಂದು ಹೂವನ್ನು ನೀರಿನ ಟ್ಯಾಂಕಿನ ಮುಚ್ಚಳಕ್ಕೆ ಸಿಕ್ಕಿಸುವುದೆಂದು ರಾಜಿಯಾಗಿತ್ತು. ಮೊದಲ ದಿನವಾದ್ದರಿಂದ ಟ್ಯಾಂಕಿನಲ್ಲಿ ಔಷಧಿಯಿಲ್ಲ, ಬರಿಯ ನೀರು. ತುಂಬಿದ ಮೇಲೆ ಅರ್ಧ ಸಿಮೆಂಟ್ ಮೂಟೆಯ ತೂಕ. ಹತ್ತೂವರೆಗೆ ರಾಹುಕಾಲ ಬರುವುದರೊಳಗೆ ಏರಿಸಬೇಕು. ರವಿಶಂಕರ್ ಗವಸನ್ನು ತೆಗೆದು ಶಿಲ್ಪಳ ಎಡಗೈಗೆ ಹಿಡಿದಾಗ ಅಕ್ಕಯಮ್ಮ ತೆಂಗಿನಕಾಯಿ ಕೆಳಗಿಟ್ಟಳು.

“ಎಡಗೈಲಿ ಶುರು ಮಾಡ್ತಾರೇನಪ್ಪಾ ಯಾರಾದ್ರೂ?” ಅಂದಳು.

ರವಿಶಂಕರ್ ನಕ್ಕ. ಅದು ಅವನು ಮಾಡಿದ ತಪ್ಪು. ನಕ್ಕಿರದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತೋ ಏನೋ. ಬೈರಣ್ಣ, ತನ್ನ ಹೊಲದಲ್ಲಿ ಬೀಜ ಹಾಕಿದ್ದೂ ಬಲಗೈ, ಮೊದಲ ಹೂ ಕೊಯ್ದದ್ದೂ ಬಲಗೈ, ಈಗ ಎಡಗೈಯಿಂದ ಹೊಡೆದ ಔಷಧಿ ಎಲೆಗೆ ಹತ್ತುತ್ತದೆಯೇ ಎಂದು ಕೇಳಿದ. ಡ್ರೋನಿಗೆ ಯಾವ ಕೈ ಎಂದು ಗೊತ್ತಾಗುವುದಿಲ್ಲ ಎಂದು ರವಿಶಂಕರ್ ವಾದಿಸಿದ. ಡ್ರೋನಿಗೆ ಗೊತ್ತಾಗದಿದ್ದರೆ ಬಲಗೈಗೇ ಹಾಕಲು ಏನು ಕಷ್ಟ ಎಂದು ಆಶಾರಾಣಿ ಹಿಡಿದುಕೊಂಡಳು. ಆಮೇಲೆ ಮುಕ್ಕಾಲು ಗಂಟೆ ಎಡಗೈಯ ಕೆಲಸಗಳ ಪಟ್ಟಿ ನಡೆಯಿತು, ಅದರಲ್ಲಿ ಒಂದೂ ಪೂಜೆಯ ಹತ್ತಿರ ಹೇಳುವಂಥದ್ದಲ್ಲ. ರವಿಶಂಕರನೇ ಎಡಚನೆಂದು ತಿಳಿದಾಗ ಎಲ್ಲರೂ ಅವನನ್ನು ಬಹಳ ಮರುಕದಿಂದ ನೋಡಿದರು. ಮದುವೆಯಾಗಿದೆಯೇ ಎಂದು ಅಕ್ಕಯಮ್ಮ ವಿಚಾರಿಸಿದಳು. ಆಗಿರಲಿಲ್ಲ. ಅವಳು ತಲೆಯಾಡಿಸಿದಳು.

ಯಾರೂ ಶಿಲ್ಪಳನ್ನು ಕೇಳಲಿಲ್ಲ. ಕೇಳಿದ್ದರೆ ಅವಳು, ಯಾವ ಕೈಯೂ ಬೇಡ, ನಾನು ಮನೆಗೆ ಹೋಗ್ತೀನಿ ಎನ್ನುತ್ತಿದ್ದಳು.

ಹತ್ತೂಕಾಲಿಗೆ ರವಿಶಂಕರ್ ಸೋತ. ಎಡಗೈ ಗವಸನ್ನು ಬಲಗೈಗೆ ಹಾಕಲು ಒಂದೇ ದಾರಿ, ತಿರುಗಿಸಿ ಹಾಕುವುದು. ಹಾಗೆ ಹಾಕಿದಾಗ ಅಂಗೈಯ ಬೆನ್ನಿನ ಮೇಲಿರಬೇಕಾಗಿದ್ದ ಡಬ್ಬಿ ಅಂಗೈಯೊಳಗೆ ಬಂತು. ಏರಿಸುವ ಮೊದಲು ಫೋನಿನ ತೆರೆಯ ಮೇಲೆ ಆಡಿಸಿ ನೋಡಿದರು. ತಲೆಕೆಳಗಾದ ಡಬ್ಬಿಗೆ ಎಡಬಲ ಸರಿಯಾಗಿಯೇ ತಿಳಿಯಿತು, ಹಿಂದುಮುಂದು ಮಾತ್ರ ಅದಲುಬದಲಾಯಿತು. ‘ಹೋಗು’ ಎಂದು ದೂಡಿದರೆ ತೆರೆಯ ಮೇಲಿನ ಡ್ರೋನು ಹತ್ತಿರ ಬಂತು. ‘ಬಾ’ ಎಂದು ಕರೆದರೆ ದೂರ ಹೋಯಿತು. ಹೆಂಗಸರು ನಕ್ಕರು. ಅಂಗೈಯಲ್ಲಿ ಡಬ್ಬಿ ಇದ್ದದ್ದರಿಂದ ಮುಷ್ಟಿಯೂ ಪೂರ್ತಿ ಮುಚ್ಚುತ್ತಿರಲಿಲ್ಲ. ಮೂರು ಸಲ ಹಿಡಿದರೆ ಒಂದು ಸಲ ಅದಕ್ಕೆ ತಿಳಿಯುತ್ತಿತ್ತು.

“ಸಂಜೆ ಲ್ಯಾಪ್‌ಟಾಪಲ್ಲಿ ಚೇಂಜ್ ಮಾಡ್ಬಿಡ್ತೀನಿ ಮೇಡಂ, ಹತ್ತೇ ನಿಮಿಷದ ಕೆಲ್ಸ,” ಅಂದ ರವಿಶಂಕರ್. “ಈಗ ಒಂದ್ ರೌಂಡ್ ಮಾತ್ರ ಉಲ್ಟಾ ಅಂದ್ಕೊಂಡು ಮಾಡಿ. ರಾಹುಕಾಲ ಅಂತಾರಲ್ಲ ಇವ್ರು.”

ಉಲ್ಟಾ ಅಂದುಕೊಂಡು ಮಾಡುವುದು. ಶಿಲ್ಪ ಹೂಂ ಅಂದಳು. ಅವಳು ತೋಟದ ಮೂಡಣ ಬದುವಿನ ಮೇಲೆ ನಿಂತಿದ್ದಳು, ಪಕ್ಕದಲ್ಲಿ ಫೋನಿನಲ್ಲಿ ವಿಡಿಯೋ ಹಿಡಿಯುತ್ತ ರವಿಶಂಕರ್. ಡ್ರೋನನ್ನು ಎತ್ತಿ ತಂದು ಅವಳ ಮುಂದೆ ಸಾಲಿನ ತಲೆಯಲ್ಲಿ ಇಟ್ಟಿದ್ದರು. ಎದುರಿಗೆ ಎಂಬತ್ತು ಹೆಜ್ಜೆ ಉದ್ದಕ್ಕೆ ಹೂಕೋಸಿನ ಸಾಲು, ಸಾಲಿನ ಮೇಲೆ ಬೆಳ್ಳಿಬಣ್ಣದ ಪ್ಲಾಸ್ಟಿಕ್ ಮಲ್ಚಿಂಗ್ ಶೀಟು ಹೊದಿಸಿ ಗಿಡದ ಬುಡಕ್ಕೆ ಮಾತ್ರ ತೂತು ಕೊರೆದದ್ದು. ಆ ತುದಿಯಲ್ಲಿ ಮೋಟಾರ್ ಮನೆ, ಪೂಜೆಯ ಸಾಮಾನು, ಬೈರಣ್ಣ, ಅಕ್ಕಯಮ್ಮ, ಇನ್ನೂ ಹತ್ತಿಪ್ಪತ್ತು ಜನ. ಎಡಗಡೆ ಉದ್ದಕ್ಕೂ ಬೋರ್‌ವೆಲ್ಲಿಗೆ ಬಂದ ಕರೆಂಟು ತಂತಿ. ಬಲಗಡೆ ರಸ್ತೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸಂಘದ ಹೆಂಗಸರೆಲ್ಲ, ನಡುವೆ ಆಶಾರಾಣಿ. ಡ್ರೋನಿಗೆ ಮಾಮೂಲಿ ರಿಮೋಟೂ ಒಂದಿತ್ತು. ಗುಂಡಿ, ಕಡ್ಡಿ ಎಲ್ಲ ಇರುವಂಥದ್ದು. ಆದರೆ ವಿಡಿಯೋದಲ್ಲಿ ರಿಮೋಟು ಕಂಡರೆ ಗವಸಿನ ಮರ್ಯಾದೆ ಏನಾಯಿತು? ರವಿಶಂಕರ್ ಅದನ್ನು ರಸ್ತೆಯಲ್ಲಿ, ಹುಣಸೆಮರದ ಕೆಳಗೆ ನಿಲ್ಲಿಸಿದ್ದ ಕಾರಿನ ಡಿಕ್ಕಿಯಲ್ಲಿ ಬಿಟ್ಟು ಬಂದಿದ್ದ.

ಶಿಲ್ಪ ಹೆಬ್ಬೆರಳು ಮೇಲೆತ್ತಿದಳು. ಡ್ರೋನು ನೆಲ ಬಿಟ್ಟಿತು.

ಸಾವಿರ ಕಣಜ ಒಂದೇ ಗೂಡಿನಲ್ಲಿ ಎದ್ದಂಥ ಸದ್ದು ಅದು, ಕಿವಿಗಿಂತ ಮೊದಲು ಹಲ್ಲಿಗೆ ತಾಗುವಂಥದ್ದು. ಹೂಕೋಸಿನ ಎಲೆಗಳೆಲ್ಲ ಹಿಮ್ಮುಖವಾಗಿ ಮಲಗಿದವು. ಅವಳು ಕೈ ಚಾಚಿ ಮಟ್ಟವಾಗಿ ಹಿಡಿದಳು. ಕೈ ನಡುಗಿತು. ಎದುರಿಗೆ, ಎಲ್ಲರ ಕಣ್ಣೆದುರಿಗೆ, ಡ್ರೋನೂ ನಡುಗಿತು. ಅವಳ ಕೈಯಲ್ಲಿ ಕೂದಲೆಳೆಯಷ್ಟಿದ್ದ ನಡುಕ ಅಲ್ಲಿ ಮೊಳದಷ್ಟಾಗಿ ತೂಗುತ್ತಿತ್ತು. ಯಾರೋ ಕುಡಿದಿದೆಯಾ ಹೆಂಗೆ ಎಂದು ಕೂಗಿದ್ದು, ಕುರ್ಚಿಗಳ ಕಡೆ ನಗು ಎದ್ದದ್ದು ಸದ್ದಿನ ನಡುವೆಯೂ ಕೇಳಿಸಿತು. ಬಾ ಎಂದು ಕರೆದರೆ ಹೋಗುತ್ತದೆ. ಬೆರಳು ಬಗ್ಗಿಸಿದಳು. ಹೋಯಿತು. ಸಾಲಿನ ಉದ್ದಕ್ಕೂ ನೀರಿನ ಮಂಜು ಬೀಳಿಸುತ್ತ ಮೋಟಾರ್ ಮನೆಯವರೆಗೂ ಹೋಯಿತು. ಬಲಕ್ಕೆ ಒಂದು ಗೇಣು ವಾಲಿಸಿದಳು, ಪಕ್ಕದ ಸಾಲಿಗೆ ಸರಿಯಿತು. ದೂಡಿದಳು, ತನ್ನ ಕಡೆಗೆ ಬಂತು.

ಹೀಗೆ ಆರು ಸಾಲು. ಪ್ರತಿಯೊಂದನ್ನೂ ಅವಳು ಮನಸ್ಸಿನಲ್ಲಿ ತಿರುಗಿಸಿ ಮಾಡುತ್ತಿದ್ದಳು, ಕನ್ನಡಿಯಲ್ಲಿ ನೋಡಿಕೊಂಡು ಬೇರೆಯವರಿಗೆ ಬೈತಲೆ ತೆಗೆಯುವ ಹಾಗೆ. ಒಂದೊಂದು ಸಾಲು ಮುಗಿದಾಗಲೂ ಇನ್ನು ಸಾಕು, ಇನ್ನು ಇಳಿಸಿಬಿಡಲಿ ದೇವರೇ ಅನ್ನಿಸುತ್ತಿತ್ತು. ಆದರೂ ನಡುಕ ಕಮ್ಮಿಯಾಗಿತ್ತು. ನಗು ನಿಂತು ಚಪ್ಪಾಳೆ ಬಂತು. ರವಿಶಂಕರ್ ಪಕ್ಕದಲ್ಲಿ ಸಖತ್ ಮೇಡಂ, ಸಖತ್ ಅನ್ನುತ್ತಲೇ ಇದ್ದ.

ಚಪ್ಪಾಳೆಯೇ ಕೆಡಿಸಿದ್ದು. ಚಪ್ಪಾಳೆ ಕೇಳಿದ ಅಕ್ಕಯಮ್ಮನಿಗೆ ಸೊಸೆಯ ಮೇಲೆ ಇಷ್ಟು ಕಣ್ಣು ಬಿದ್ದವಲ್ಲ ಎಂದು ಎದೆ ಒಡೆಯಿತು. ಪೂಜೆಯ ಸಾಮಾನಿನಲ್ಲಿ ಉಪ್ಪು, ಒಣಮೆಣಸಿನಕಾಯಿ ಇದ್ದವು. ಅದನ್ನು ಹಿಡಿ ತುಂಬ ಹಿಡಿದುಕೊಂಡು, ದೃಷ್ಟಿ ತಾಗುವುದರೊಳಗೆ ನಿವಾಳಿಸಿ ಬಿಡಬೇಕೆಂದು ಹೊರಟಳು. ಬದು ಸುತ್ತಿ ಬಂದರೆ ಐದು ನಿಮಿಷ, ತೋಟದ ಮಧ್ಯೆ ನಡೆದರೆ ಒಂದು. ಅಡ್ಡ ಬಂದರೆ ಅದೇ ನಿಲ್ಲುತ್ತದೆ, ಅದಕ್ಕೆ ಕಣ್ಣಿದೆ ಎಂದು ಬೆಳಿಗ್ಗೆ ರವಿಶಂಕರನೇ ಹೇಳಿದ್ದ. ಎಲೆಗಳಿಗೆಲ್ಲ ಹೆದರಿ ನಿಲ್ಲುತ್ತದೆಂದು ಸಿಂಪಡಿಸುವಾಗ ಆ ಕಣ್ಣನ್ನು ಮುಚ್ಚಿಡುತ್ತಾರೆ ಎಂಬುದನ್ನು ಹೇಳಿರಲಿಲ್ಲ.

ಏಳನೆಯ ಸಾಲಿನ ಕೊನೆಯಿಂದ ಡ್ರೋನು ವಾಪಸು ಬರುತ್ತಿತ್ತು. ಶಿಲ್ಪ ಅಂಗೈ ಮುಂದೆ ಮಾಡಿ ದೂಡುತ್ತಿದ್ದಳು, ನಿಧಾನ, ನಿಧಾನ. ಆಗ ಡ್ರೋನಿನ ಮುಂದೆ, ನಡುಸಾಲಿನಲ್ಲಿ, ಹಸಿರು ಸೀರೆಯೊಂದು ಕಂಡಿತು. ನೀರು ಬಿದ್ದು ಜಾರುತ್ತಿದ್ದ ಮಲ್ಚಿಂಗ್ ಶೀಟಿನ ಮೇಲೆ ಅಕ್ಕಯಮ್ಮ ಕಾಲಿಟ್ಟಳು. ಒಂದು ಕಾಲು ಮುಂದಕ್ಕೆ ಹೋಯಿತು, ಇನ್ನೊಂದು ಮಡಚಿಕೊಂಡಿತು. ಹೂಕೋಸಿನ ನಡುವೆ ಕೂತ ಹಾಗೆಯೇ ಬಿದ್ದಳು. ಏಳಲು ನೋಡಿದಳು, ಮಂಡಿ ಏಳಗೊಡಲಿಲ್ಲ.

ನಿಲ್ಲು, ಎಂದು ಶಿಲ್ಪ ಕಿರುಚಿದಳು. ಕಿರುಚುತ್ತ, ಮನುಷ್ಯರಾದವರು ಎಲ್ಲರೂ ಮಾಡುವ ಹಾಗೆ, ಅಂಗೈಯನ್ನು ಇನ್ನೂ ಜೋರಾಗಿ ಮುಂದೆ ಒಡ್ಡಿದಳು.

ಡ್ರೋನು ನುಗ್ಗಿ ಬಂದು ಅಕ್ಕಯಮ್ಮನ ನೆತ್ತಿಯ ಮೇಲಾಯಿತು. ಶಿಲ್ಪ ಕೈಯನ್ನು ಮಟ್ಟ ಮಾಡಿದಳು. ಅದು ಅಲ್ಲೇ ನಿಂತಿತು.

“ಮುಷ್ಟಿ ಹಿಡೀರಿ ಮೇಡಂ, ಮುಷ್ಟಿ,” ಅಂದ ರವಿಶಂಕರ್. ಅವನ ಫೋನು ಕೆಳಗೆ ಬಿದ್ದಿತ್ತು. ಶಿಲ್ಪ ಮುಷ್ಟಿ ಹಿಡಿದಳು. ಅಂಗೈಯ ಡಬ್ಬಿ ಬೆರಳಿಗೆ ಅಡ್ಡ ಬಂತು, ಕೈ ಅಷ್ಟರಲ್ಲೇ ಓರೆಯಾಯಿತು, ಡ್ರೋನು ಒಂದು ಮಾರು ಪಕ್ಕಕ್ಕೆ ಹಾರಿ, ಅವಳು ಬೆರಳು ಬಿಚ್ಚುವಾಗ ಕೈ ಇನ್ನೊಂದು ಕಡೆಗೆ ವಾಲಿ ಮತ್ತೆ ಅಕ್ಕಯಮ್ಮನ ಮೇಲೆ ಬಂತು. ಅವಳು ಮತ್ತೆ ಹಿಡಿಯಲಿಲ್ಲ.

ಅದೇ ಹೊತ್ತಿಗೆ ಪೀ ಪೀ ಎಂಬ ಸದ್ದು ಶುರುವಾಯಿತು. ಡ್ರೋನಿನ ಹೊಟ್ಟೆಯ ಹಸಿರು ದೀಪ ಕೆಂಪಾಯಿತು.

ರವಿಶಂಕರನ ಮುಖದ ಬಣ್ಣವೂ ಹೋಯಿತು. “ಬ್ಯಾಟ್ರಿ,” ಅಂದ. “ಎರಡು ನಿಮಿಷ. ಆಮೇಲೆ ತಾನೇ ಇಳಿದ್ಬಿಡತ್ತೆ. ಕೈ ಅಲ್ಲಾಡಿಸ್ಬೇಡಿ, ಹಂಗೇ ಹಿಡ್ಕೊಂಡಿರಿ, ನಾನು ರಿಮೋಟ್ ತಂದ್ಬಿಡ್ತೀನಿ.” ಬದುವಿನ ಮೇಲೆ ಓಡಿದ. ಹುಣಸೆಮರದ ತನಕ ಹೋಗಲು ಅವನಿಗೆ ಮೂರು ನಿಮಿಷವಾದರೂ ಬೇಕು, ಬರಲು ಇನ್ನು ಮೂರು. ಲೆಕ್ಕದಲ್ಲಿ ಅವನು ಗಟ್ಟಿಗ. ಓಡುವಾಗ ಅದು ಅವನ ನೆನಪಿಗೆ ಬರಲಿಲ್ಲವೋ, ಬಂದೇ ಓಡಿದನೋ ತಿಳಿಯದು.

ಶಿಲ್ಪ ಒಬ್ಬಳೇ ಉಳಿದಳು, ಚಾಚಿದ ಕೈಯೊಂದಿಗೆ.

ಆ ಕೈ ಈಗ ಅವಳದಲ್ಲ ಅನ್ನಿಸಿತು. ಭುಜದಿಂದ ಆಚೆಗೆ ಯಾರೋ ಒಂದು ಮರದ ತುಂಡು ಸಿಕ್ಕಿಸಿದ ಹಾಗೆ. ಇಳಿಸುವ ಹಾಗಿಲ್ಲ. ಮುಚ್ಚುವ ಹಾಗಿಲ್ಲ. ಗವಸು ಕಳಚುವ ಹಾಗಂತೂ ಇಲ್ಲ, ಕಳಚಿದರೆ ಆ ಕ್ಷಣವೇ ಅದು ನೆಟ್ಟಗೆ ಕೆಳಗೆ. ಆರು ರೆಕ್ಕೆಗಳ ಗಾಳಿ ಅಕ್ಕಯಮ್ಮನ ಸೆರಗನ್ನು ಮುಖದ ಮೇಲೆ ಎಳೆದು ಸುತ್ತಿತ್ತು. ಮುದುಕಿ ಒಂದು ಕೈಯಿಂದ ಸೆರಗನ್ನು ಕೀಳುತ್ತಿದ್ದಳು. ಇನ್ನೊಂದು ಕೈಯಲ್ಲಿ ಉಪ್ಪು ಮೆಣಸಿನಕಾಯಿ ಹಿಡಿದೇ ಇದ್ದಳು, ಅದನ್ನು ಬಿಟ್ಟರೆ ಏಳಬಹುದು ಎಂದು ಅವಳಿಗೆ ಹೊಳೆದಿರಲಿಲ್ಲ. ಬಾಯಿ ಆಡುತ್ತಿತ್ತು. ಬೈಯುತ್ತಿದ್ದಾಳೋ, ಕರೆಯುತ್ತಿದ್ದಾಳೋ, ಕೇಳುತ್ತಿರಲಿಲ್ಲ. ನೀರೆಲ್ಲ ಅವಳ ಮೈ ಮೇಲೆ. ರೆಕ್ಕೆಯ ತುದಿಗಳು ಬಿಸಿಲಿಗೆ ಒಂದು ಬಿಳಿಯ ಉಂಗುರದ ಹಾಗೆ ಕಾಣುತ್ತಿದ್ದವು. ತರಬೇತಿಯ ಮೊದಲ ದಿನ ಒಬ್ಬ ಮೇಷ್ಟ್ರು ಹಸಿ ಬಾಳೆದಿಂಡನ್ನು ಆ ಉಂಗುರಕ್ಕೆ ಹಿಡಿದು ತೋರಿಸಿದ್ದರು. ಕತ್ತರಿಸಿದ ಸದ್ದು ಕೂಡ ಬಂದಿರಲಿಲ್ಲ. ದಿಂಡು ಎರಡಾಗಿ ಬಿದ್ದಿತ್ತು ಅಷ್ಟೆ.

ಅದು ನೆನಪಾದಾಗ ಕೈ ನಡುಗಿತು. ಮುದುಕಿಯ ನೆತ್ತಿಯ ಮೇಲೆ ಉಂಗುರ ತೂಗಿತು, ಆಚೆ ಈಚೆ, ಆಚೆ ಈಚೆ. ನಡುಗಬೇಡ ಎಂದಷ್ಟೂ ನಡುಗಿತು.

ಎಲ್ಲಿಗಾದರೂ ಒಯ್ಯಬೇಕು. ಎಡಕ್ಕೆ ವಾಲಿಸಿದರೆ ಕರೆಂಟು ತಂತಿ, ತಂತಿಗೆ ಸಿಕ್ಕರೆ ಒದ್ದೆ ಹೊಲದಲ್ಲಿ ಕೂತಿರುವ ಅತ್ತೆ. ಬಲಕ್ಕೆ ಕುರ್ಚಿಗಳು, ಹೆಂಗಸರು ಎದ್ದು ನಿಂತು ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದರು, ಓಡುತ್ತಿರಲಿಲ್ಲ. ದೂರಕ್ಕೆ ಕಳಿಸೋಣ, ಮೋಟಾರ್ ಮನೆಯ ಕಡೆಗೆ. ಬೆರಳನ್ನು ಬಗ್ಗಿಸಬೇಕು, ಬಾ ಎಂದು ಕರೆಯಬೇಕು. ಬಗ್ಗಿಸಲು ಹೊರಟವಳು ನೋಡಿದಳು. ಆ ಕಡೆಯಿಂದ ಬೈರಣ್ಣ, ಅವನ ಹಿಂದೆ ನಾಲ್ಕು ಗಂಡಸರು, ಅಕ್ಕಯಮ್ಮನನ್ನು ಎತ್ತಿ ತರಲು ಸಾಲುಸಾಲಾಗಿ ಜಾರುತ್ತ ಏಳುತ್ತ ತೋಟದೊಳಗೆ ಓಡಿ ಬರುತ್ತಿದ್ದರು. ಒಳ್ಳೆಯ ಜನ. ಅವರು ಅಷ್ಟು ಒಳ್ಳೆಯವರಾಗಿರದಿದ್ದರೆ ಆ ದಿಕ್ಕು ಖಾಲಿ ಇರುತ್ತಿತ್ತು. ಹೋಗಿ, ಹಿಂದೆ ಹೋಗಿ ಎಂದು ಕೂಗಿದಳು. ಆ ಸದ್ದಿನಲ್ಲಿ ಅವಳ ಮಾತು ಅವಳಿಗೇ ಕೇಳಲಿಲ್ಲ. ಬಂದವರು ಉಂಗುರವನ್ನು ಹತ್ತಿರದಿಂದ ಕಂಡು ಆರೇಳು ಮಾರು ದೂರದಲ್ಲಿ ಬಗ್ಗಿ ನಿಂತುಬಿಟ್ಟರು. ಮುಂದೂ ಬರಲಿಲ್ಲ, ಹಿಂದೂ ಹೋಗಲಿಲ್ಲ.

ಪೀ ಪೀ ಎಂಬುದು ಪೀಪೀಪೀ ಎಂದಾಯಿತು.

ಎಲ್ಲ ಕಡೆ ಜನ. ಜನ ಇಲ್ಲದ ದಿಕ್ಕು ಒಂದೇ, ಅವಳು ನಿಂತದ್ದು. ಅಕ್ಕಯಮ್ಮನಿಂದ ಈ ಬದುವಿನವರೆಗೆ ಮೂವತ್ತು ಹೆಜ್ಜೆ ಹೂಕೋಸು, ಹೂಕೋಸಿನ ತುದಿಯಲ್ಲಿ ಒಬ್ಬಳು, ಅವಳು ತಾನು.

ಅದನ್ನು ತನ್ನ ಕಡೆಗೆ ಕರೆಯಬೇಕು. ಕರೆಯುವುದೆಂದರೆ ದೂಡುವುದು. ಅದು ಅವಳಿಗೆ ಈ ಹೊತ್ತಿಗೆ ಯೋಚಿಸದೆ ತಿಳಿದಿತ್ತು. ದೂಡುವುದೇನೂ ಕಷ್ಟವಲ್ಲ. ಬೆಳಗಿನಿಂದ ಅವಳ ಕೈ ಮಾಡಬೇಕೆಂದು ಹಂಬಲಿಸುತ್ತಿದ್ದದ್ದೇ ಅದು, ಆ ದರಿದ್ರವನ್ನು ಆಚೆ ತಳ್ಳಿಬಿಡುವುದು. ಅವಳು ಬೆರಳು ಮೇಲೆತ್ತಿ, ಹೆದರಿದವರು ತಳ್ಳುವ ಹಾಗೆಯೇ, ಇದ್ದ ಭಯವನ್ನೆಲ್ಲ ಹಾಕಿ ತಳ್ಳಿದಳು.

ಬಂತು.

ಬಂದದ್ದು ಮೆಲ್ಲಗಲ್ಲ. ಮೂಗು ತಗ್ಗಿಸಿಕೊಂಡು, ಎಲೆಗಳನ್ನು ಎರಡೂ ಕಡೆಗೆ ಮಲಗಿಸುತ್ತ, ನೆಟ್ಟಗೆ ಅವಳ ಎದೆಗೆ ಗುರಿಯಿಟ್ಟ ಹಾಗೆ ಬಂತು. ಕಷ್ಟ ಈಗ ಶುರುವಾಯಿತು. ಕೈಯನ್ನು ಹಾಗೆಯೇ ಒಡ್ಡಿಕೊಂಡು ಇರಬೇಕು. ಒಂದಿಷ್ಟು ಕೆಳಗಾದರೂ ಅದು ಹಿಂದೆ ಸರಿದು ಮತ್ತೆ ಅಕ್ಕಯಮ್ಮನ ಮೇಲೆ ಹೋಗಿ ನಿಲ್ಲುತ್ತದೆ, ಅಲ್ಲಿ ಇಳಿಯುತ್ತದೆ. ಹತ್ತಿರ ಬಂದಷ್ಟೂ ಕೈ ಮಡಚಿಕೊಳ್ಳಲು ನೋಡಿತು, ಮೊಣಕೈ ಒಳಗೆ ಬಂತು, ಕಣ್ಣು ಮುಚ್ಚಿಕೊಂಡಿತು. ಎಡಗೈಯಿಂದ ಬಲಮೊಣಕೈಯನ್ನು ಹಿಡಿದು ಮುಂದೆ ಒತ್ತಿದಳು. ಹತ್ತು ಹೆಜ್ಜೆ ಬಂದಿರಬೇಕು. ಕಣ್ಣು ತೆರೆದು ನೋಡಿದಳು. ಡ್ರೋನಿನ ಹಿಂದೆ ಹಸಿರು ಸೀರೆ ಕಂಡಿತು. ಇನ್ನೂ ಹತ್ತಿರವೇ. ಇನ್ನೊಂದು ಸ್ವಲ್ಪ. ಮುಖಕ್ಕೆ ಗಾಳಿ ಬಡಿಯಿತು, ನೀರಿನ ಹನಿ ಬಡಿಯಿತು, ಟ್ಯಾಂಕಿಗೆ ಸಿಕ್ಕಿಸಿದ್ದ ಸೇವಂತಿಗೆಯ ದಳಗಳು ಹಾರಿ ಬಂದು ತುಟಿಗೆ ಅಂಟಿದವು. ಅವಳ ಬಾಯಿಂದ ಒಂದು ದನಿ ಬರುತ್ತಿತ್ತು, ಮಾತಲ್ಲ, ಕರು ಒದರುವಂಥದ್ದು.

ಈಗ, ಎಂದುಕೊಂಡಳು. ಎಡಗೈ ವೆಲ್ಕ್ರೋ ಪಟ್ಟಿಗೆ ಹೋಯಿತು. ಬೆರಳು ಜಾರಿತು. ಇನ್ನೊಂದು ಸಲ ಜಾರಿತು. ಮೂರನೆಯ ಸಲ ಪಟ್ಟಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು. ಗವಸು ಕೈ ಬಿಟ್ಟಿತು. ಅದನ್ನು ಹೊಲದೊಳಕ್ಕೆ ಎಸೆದು ಬದುವಿನ ಮೇಲೆ ಬೋರಲು ಬಿದ್ದು ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು.

ನೆಟ್ಟಗೆ ಇಳಿಯಬೇಕಾದ್ದು ಬಂದ ರಭಸಕ್ಕೆ ಓರೆಯಾಗಿ ಇಳಿಯಿತು. ಬದುವಿನ ಅಂಚಿಗೆ, ಅವಳ ಕಾಲಿನಿಂದ ಒಂದು ಮಾರು ದೂರದಲ್ಲಿ, ಒಂದು ಕಡೆಯ ರೆಕ್ಕೆ ತಾಗಿ ಮಗುಚಿತು. ಕಟಕಟ ಕಟಕಟ ಎಂದು ಮಣ್ಣು ಕಲ್ಲು ಹೂಕೋಸು ಎಲ್ಲವನ್ನೂ ಕಡಿಯಿತು. ಏನೋ ಬಿಸಿಯಾದದ್ದು ಅವಳ ಮುಂಗೈಯನ್ನು ಸವರಿ ಹೋಯಿತು. ಆಮೇಲೆ ಸದ್ದು ನಿಂತಿತು. ಟ್ಯಾಂಕಿನಿಂದ ನೀರು ಸೋರುವ ಸದ್ದು ಮಾತ್ರ ಇತ್ತು.

ಬೈರಣ್ಣ, ಇನ್ನೊಬ್ಬ ಸೇರಿ ಅಕ್ಕಯಮ್ಮನನ್ನು ಎತ್ತಿದರು. ಎತ್ತಿದವರನ್ನು ಅವಳು ಬೈದಳು. ಮೊದಲು ಆ ಹುಡುಗಿಯನ್ನು ನೋಡಿ, ನನಗೇನಾಗಿದೆ ಅಂದಳು. ಒಂದು ಕಾಲನ್ನು ಎಳೆಯುತ್ತ, ಇಬ್ಬರ ಭುಜದ ಮೇಲೆ ತೂಗಿಕೊಂಡು ಬದುವಿನ ತನಕ ಬಂದಳು. ಶಿಲ್ಪ ಎದ್ದು ಕೂತಿದ್ದಳು. ಮುಂಗೈಯಿಂದ ರಕ್ತ ಮೊಣಕೈಗೆ ಇಳಿಯುತ್ತಿತ್ತು. ಎರಡೂ ಕೈ ಎಲ್ಲರ ಎದುರಿಗೇ ಗಡಗಡ ನಡುಗುತ್ತಿದ್ದವು, ಮುಚ್ಚಿಕೊಳ್ಳಲು ಅವಳಿಗೆ ಜೀವವಿರಲಿಲ್ಲ.

ಅಕ್ಕಯಮ್ಮ ಪಕ್ಕದಲ್ಲಿ ಕುಸಿದು ಕೂತಳು. ತನ್ನ ಒದ್ದೆ ಸೆರಗಿನಿಂದ ಆ ಕೈಯನ್ನು ಸುತ್ತಿ, ಮಡಿಲಿಗೆ ಎಳೆದುಕೊಂಡು, ಬಿಗಿಯಾಗಿ ಹಿಡಿದಳು.

“ನೋಡ್ತಾ ನಿಂತ್ಕಂಡ್ರೆ ಆಯ್ತಾ?” ಅಂದಳು ಸುತ್ತ ನೆರೆದವರಿಗೆ. “ಆ ಕಡೆ ತಿರುಗ್ಕಳ್ರಿ ಎಲ್ಲ. ಗಾಡಿ ತರ್ಸಿ.”

ಜನ ತಿರುಗಿಕೊಂಡರು. ರಿಮೋಟು ಹಿಡಿದು ಏದುಸಿರು ಬಿಡುತ್ತ ಬಂದ ರವಿಶಂಕರ್, ಏನು ಮಾಡಬೇಕೆಂದು ತೋಚದೆ, ತಾನೂ ತಿರುಗಿ ನಿಂತ.

ಹೊಸಕೋಟೆಯ ಆಸ್ಪತ್ರೆಯಲ್ಲಿ ಶಿಲ್ಪಳ ಮುಂಗೈಗೆ ಹನ್ನೊಂದು ಹೊಲಿಗೆ ಹಾಕಿದರು, ಅಕ್ಕಯಮ್ಮನ ಮಂಡಿಗೆ ಪಟ್ಟಿ ಕಟ್ಟಿದರು, ಇಬ್ಬರೂ ಸಂಜೆಗೆ ಮನೆಗೆ ಬಂದರು.